ಹಸಿರು ಬಣ್ಣದಲ್ಲಿ ನಮ್ಮ ಮನೆ

ನವೆಂಬರ್ ೩, ೨೦೨೫, ಸೋಮವಾರ

ಈ ಮೂಲಕ ಸಮಸ್ತ ನಾಗರಿಕರಿಗೆ, ಅಂದರೆ ನನಗೆ, ತಿಳಿಯಪಡಿಸುವುದೇನೆಂದರೆ: ಬಕೆಟ್ ಕಂಪೆನಿಯವರು ಉಪ್ಪನ ಪ್ಲಾಸ್ಟಿಕ್ ಸಾಮಾನಿನ ಅಂಗಡಿಗೆ ಉಚಿತವಾಗಿ ಕೊಟ್ಟ ಈ ಡೈರಿಯು ಇಂದಿನಿಂದ ನನ್ನ ವಶಕ್ಕೆ ಬಂದಿದೆ. ಮನೆಯಲ್ಲಿ ನಾವು ಮಾತಾಡುವುದು ಬ್ಯಾರಿ ಭಾಷೆ (ಅಪ್ಪ ಉಪ್ಪ, ಅಮ್ಮ ಉಮ್ಮ) ಆದರೂ ಇದನ್ನು ಕನ್ನಡದಲ್ಲಿ ಬರೆಯತಕ್ಕದ್ದು. ಆದೇಶ ಹೊರಡಿಸುವುದಕ್ಕೆ ಕನ್ನಡದಷ್ಟು ಗಂಭೀರವಾದ ಭಾಷೆ ಇಲ್ಲ. ಕಾವೂರಿನಲ್ಲಿ ಸರ್ವೋತ್ತಮಣ್ಣನ ಫ್ಲೆಕ್ಸ್ ಮತ್ತು ಟೈಪಿಂಗ್ ಅಂಗಡಿಯಲ್ಲಿ ಒಂದು ವರ್ಷದಿಂದ ಊರಿನವರ ಅರ್ಜಿ ಟೈಪ್ ಮಾಡಿ ಮಾಡಿ, ನನಗೆ ಈಗ ಕನಸು ಬಿದ್ದರೂ ಮೇಲ್ಗಡೆ 'ವಿಷಯ' ಎಂದು ಇರುತ್ತದೆ.

ನಿನ್ನೆ ಅಕ್ಕ ಮುಫೀದಾಳ ನಿಕಾಹ್ ಆಯಿತು. ಮುಫೀದಾ ನನಗಿಂತ ಹದಿನಾಲ್ಕು ತಿಂಗಳು ದೊಡ್ಡವಳು, ಹದಿನಾಲ್ಕು ವರ್ಷ ದೊಡ್ಡವಳಂತೆ ಇರುತ್ತಾಳೆ. ಹುಡುಗ ಬಜಪೆಯ ಅರ್ಶದ್, ಬೈಕಂಪಾಡಿಯ ಒಂದು ಫ್ಯಾಕ್ಟರಿಯಲ್ಲಿ ಫಿಟ್ಟರ್. ಮದುವೆಯ ಊಟ, ಕರೆದುಕೊಂಡು ಬರುವುದು ಎಲ್ಲ ಮುಂದಿನ ಬಕ್ರೀದ್ ಕಳೆದ ಮೇಲೆ. ಕರೆದುಕೊಂಡು ಬರುವುದು ಎಂದರೆ ಅವನನ್ನು. ನಮ್ಮ ಕಡೆಯ ಕ್ರಮದಲ್ಲಿ ಅಳಿಯ ಹೆಂಡತಿಯ ಮನೆಗೆ ಬರುತ್ತಾನೆ; ಅವನಿಗೆಂದು ಒಂದು ಕೋಣೆ, ಹೊಸ ಮಂಚ, ಬಾಗಿಲಿಗೆ ಪರದೆ ಆಗಲೇಬೇಕು.

ನಮ್ಮ ಮನೆಯಲ್ಲಿ ಇರುವುದು ಎರಡು ಕೋಣೆ. ಒಂದು ಉಪ್ಪ ಉಮ್ಮನದು. ಇನ್ನೊಂದು ನಮ್ಮಿಬ್ಬರದು. ಅದರ ನೆಲದ ನಡುವೆ ನಾನು ಎಂಟನೇ ಕ್ಲಾಸಿನಲ್ಲೇ ಪ್ಯಾಕಿಂಗ್ ಟೇಪ್ ಅಂಟಿಸಿ ಗಡಿ ಗುರುತಿಸಿದ್ದೇನೆ. ಕಿಟಕಿಯ ಕಡೆ ನನ್ನದು. ಕಿಟಕಿಯಿಂದ ಮಾವಿನ ಮರ ಕಾಣುತ್ತದೆ, ಬಜಪೆಗೆ ಇಳಿಯುವ ವಿಮಾನದ ಹೊಟ್ಟೆ ಕಾಣುತ್ತದೆ. ಆ ಕಡೆಯಿಂದ ಅರ್ಧ ಇಂಚನ್ನೂ ಯಾವ ಅಳಿಯನಿಗೂ ಬಿಟ್ಟುಕೊಡಲಾಗುವುದಿಲ್ಲ ಎಂದು ಈಗಲೇ ದಾಖಲಿಸುತ್ತೇನೆ.

ಇದಕ್ಕೆಲ್ಲ ಪರಿಹಾರ ದೆಹಲಿಯಿಂದ ಬರಲಿದೆ. ಮಣ್ಣಿನ ಗೋಡೆಯ ಮನೆಯಲ್ಲಿರುವವರು ಸ್ವಂತ ಜಾಗದಲ್ಲಿ ಪಕ್ಕಾ ಮನೆ ಕಟ್ಟಿಕೊಳ್ಳಲು ಕೇಂದ್ರ ಸರಕಾರದ ಆವಾಸ್ ಯೋಜನೆಯಲ್ಲಿ ಸಹಾಯ ಉಂಟು. ನಮ್ಮ ಗೋಡೆ ಮಣ್ಣಿನದು, ಜಾಗ ಐದು ಸೆಂಟ್ಸ್, ಉಪ್ಪನ ಹೆಸರಲ್ಲೇ ಉಂಟು. ಮೂರು ಕೋಣೆಯ ಮನೆಯಾದರೆ ಅಳಿಯನಿಗೂ ಆಯಿತು, ನನ್ನ ಕಿಟಕಿಯೂ ಉಳಿಯಿತು. ಇಂದು ಅಂಗಡಿಯಲ್ಲಿ ನಾನೇ ಅರ್ಜಿ ತುಂಬಿಸಿದೆ. 'ಅರ್ಜಿದಾರರ ಹೆಸರು: ಅಹ್ಮದ್ ಬಾವ' ಎಂದು ಟೈಪ್ ಮಾಡುವಾಗ ಉಪ್ಪ ಹಿಂದಿನಿಂದ, "ಅದರಲ್ಲಿ ನನ್ನ ಬಿ.ಪಿ. ವಿಷಯ ಹಾಕಿದ್ಯಾ?" ಎಂದರು.

"ಅದಕ್ಕೆ ಜಾಗ ಇಲ್ಲ ಉಪ್ಪ."

"ಇರಲಿ. ಕೇಳಿದ್ರೆ ಹೇಳು."

ನವೆಂಬರ್ ೧೧, ಮಂಗಳವಾರ

ಇಂದು ಉಪ್ಪನೊಡನೆ ನಕ್ಷೆಯ ಕಚೇರಿಗೆ ಹೋದೆ. ಅದರ ನಿಜ ಹೆಸರು ಬೇರೆ ಉಂಟು, ಬಹಳ ಉದ್ದ. ಮನೆ ಕಟ್ಟುವುದಕ್ಕೆ ಮೊದಲು ಅಲ್ಲಿಂದ ಒಪ್ಪಿಗೆ ಬೇಕು. ಚೈತಾಲಿ ಎಂಬ ಮೇಡಂ ಸರ್ವೆ ನಂಬರ್ ಹಾಕಿ ಕಂಪ್ಯೂಟರ್ ನಮ್ಮ ಕಡೆ ತಿರುಗಿಸಿದರು. ಕಾವೂರು ಇಡೀ ಹಳದಿ. ಹಳದಿ ಎಂದರೆ ಜನ ವಾಸಿಸುವ ವಲಯ. ಕೆರೆ ನೀಲಿ. ನಮ್ಮ ಮನೆಯ ಮೇಲೆ ಮಾತ್ರ ಒಂದು ಹಸಿರು ಚೌಕ.

"ಇದು ಪಾರ್ಕ್," ಎಂದರು ಮೇಡಂ.

ಉಪ್ಪ ಕನ್ನಡಕ ಹಾಕಿ ಹತ್ತಿರ ಬಗ್ಗಿ ನೋಡಿದರು. "ಯಾವಾಗ ಆದದ್ದು?"

"ಈ ನಕ್ಷೆ ಮಾಡಿದಾಗಲೇ. ಮೇಲಿನಿಂದ ತೆಗೆದ ಫೋಟೋ ನೋಡಿ ಮಾಡಿದ್ದು ಅಂತ ಕಾಣ್ತದೆ. ನಿಮ್ಮಲ್ಲಿ ದೊಡ್ಡ ಮರ ಏನಾದ್ರೂ ಉಂಟಾ?"

"ಮಾವಿನದ್ದು ಉಂಟು. ಹಂಚಿನ ಮೇಲೆ ಪೂರ್ತಿ ಹರಡಿದೆ."

"ಹಾಗಾದ್ರೆ ಮೇಲಿನಿಂದ ಮರ ಮಾತ್ರ ಕಂಡಿರ್ತದೆ."

"ನಾನು ಅದೇ ಮನೆಯಲ್ಲಿ ಹುಟ್ಟಿದ್ದು ಮೇಡಂ," ಎಂದರು ಉಪ್ಪ, ಅದು ತಮ್ಮದೇ ತಪ್ಪು ಎನ್ನುವ ಹಾಗೆ.

"ಮನೆಯ ಸಹಾಯ ದೆಹಲಿಯದು," ಎಂದು ಮೇಡಂ ವಿವರಿಸಿದರು. "ಜಾಗದ ಬಣ್ಣ ರಾಜ್ಯದ್ದು. ಅವರು ಕೊಡ್ತಾರೆ, ಆದ್ರೆ ಹಸಿರಿನಲ್ಲಿ ಕಟ್ಟಲಿಕ್ಕೆ ನಾವು ಒಪ್ಪಿಗೆ ಕೊಡುವ ಹಾಗಿಲ್ಲ. ಒಂದು ಅರ್ಜಿ ಕೊಟ್ಟು ಹೋಗಿ, ನೋಡುವ."

ಕೊಟ್ಟು ಬಂದೆವು. ಬಸ್ಸಿನಲ್ಲಿ ಉಪ್ಪ ಜಾಗದ ಕಾಗದಗಳನ್ನು ಮಡಚಿ, ಬಿಚ್ಚಿ, ಪುನಃ ಮಡಚಿದರು. ನನಗೆ ನಗು ತಡೆಯಲಾಗದೆ ಕಿಟಕಿಯ ಕಡೆ ತಿರುಗಿ ಕೂತೆ. ಉದ್ಯಾನವನದಲ್ಲಿ ಹುಟ್ಟಿದವಳು! ಅರಮನೆಯವರಿಗೂ ಈ ಭಾಗ್ಯ ಇಲ್ಲ.

ನವೆಂಬರ್ ೧೫, ಶನಿವಾರ

ಸರಕಾರದ ನಕ್ಷೆಗೆ ಅಗೌರವ ತೋರಿಸುವುದು ನಾಗರಿಕಳಾದ ನನಗೆ ಶೋಭಿಸುವುದಿಲ್ಲ. ಆದ್ದರಿಂದ ಅಂಗಡಿಯಲ್ಲಿ ಉಳಿದ ಫ್ಲೆಕ್ಸ್ ತುಂಡಿನಲ್ಲಿ, ಸರ್ವೋತ್ತಮಣ್ಣ ಊಟಕ್ಕೆ ಹೋದಾಗ, ಹಸಿರು ಹಿನ್ನೆಲೆಗೆ ಬಿಳಿ ಅಕ್ಷರದಲ್ಲಿ ಮುದ್ರಿಸಿ, ಸಂಜೆ ನಮ್ಮ ಗೇಟಿನ ಪಕ್ಕದ ಗೋಡೆಗೆ ಕಟ್ಟಿದೆ:

ಸಾರ್ವಜನಿಕ ಉದ್ಯಾನವನ
ಸಮಯ: ಬೆಳಿಗ್ಗೆ ೬ರಿಂದ ೮, ಸಂಜೆ ೪ರಿಂದ ೬
ಎಲೆ, ಹೂ, ಮಾವಿನ ಮಿಡಿ ಕೀಳಬಾರದು
ಮರದಡಿ ಮಲಗಿದವರನ್ನು ಎಬ್ಬಿಸಬಾರದು

ಕೊನೆಯ ಸಾಲು ಉಪ್ಪನ ರಕ್ಷಣೆಗಾಗಿ. ಮಧ್ಯಾಹ್ನ ಊಟವಾದ ಮೇಲೆ ತಮ್ಮ ಅಂಗಡಿಗೆ ಅರ್ಧ ಬಾಗಿಲು ಹಾಕಿ ಬಂದು ಅವರು ಮಲಗುವುದು ಅಲ್ಲೇ.

ಮುಫೀದಾ ಓದಿ, "ನಿನಗೆ ಬೇರೆ ಕೆಲಸ ಇಲ್ವಾ?" ಎಂದಳು. ಉಮ್ಮ ನಾಲ್ಕು ಹೆಜ್ಜೆ ಹಿಂದೆ ಹೋಗಿ ನೋಡಿ, "ಓರೆ ಕಟ್ಟಿದ್ದಿ," ಎಂದರು. ಸರಿಪಡಿಸಿದೆ.

ನವೆಂಬರ್ ೧೭, ಸೋಮವಾರ

ಅದ್ಭುತ. ಜನ ಬಂದಿದ್ದಾರೆ.

ಬೆಳಿಗ್ಗೆ ಆರೂವರೆಗೆ ಹಲ್ಲುಜ್ಜುತ್ತಾ ಹೊರಗೆ ಬಂದರೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮೂವರು ಕೂತಿದ್ದಾರೆ. ಕೆರೆಯ ಸುತ್ತ ವಾಕಿಂಗ್ ಮಾಡುವವರು. ನಡುವೆ ಎದುರಿನ ಅಪಾರ್ಟ್‌ಮೆಂಟಿನ ಚಿತ್ತರಂಜನ ಅಂಕಲ್. ಹೋಟೆಲಿನವರು, ಈಗ ಮಗ ನೋಡಿಕೊಳ್ಳುತ್ತಾನೆ, ಇವರಿಗೆ ಹಾರ್ಟ್ ಆಪರೇಷನ್ ಆಗಿದೆ. ಆ ಅಪಾರ್ಟ್‌ಮೆಂಟ್ ಎದ್ದಿರುವುದೇ ಅವರ ಜಾಗದಲ್ಲಿ. ಬಿಲ್ಡರ್‌ಗೆ ಕೊಟ್ಟು ಐದನೇ ಮಾಳಿಗೆಗೆ ಹತ್ತಿದವರು.

"ಎಂತ ಮಗಾ, ಪಾರ್ಕ್ ನಿಮ್ಮದೇ ಕಂಪೌಂಡಿನಲ್ಲಿ ಮಾಡಿದ್ದಾರಾ? ಒಳ್ಳೆದಾಯ್ತು ಮಾರಾಯ್ತಿ. ಕೆರೆಯ ಹತ್ರ ಕೂತ್ರೆ ಬಿಸಿಲು."

ನಾನು ಬಾಯಲ್ಲಿ ಪೇಸ್ಟ್ ಇಟ್ಟುಕೊಂಡೇ ಉದ್ಯಾನವನದ ಪರವಾಗಿ ತಲೆ ಬಾಗಿಸಿ ಸ್ವಾಗತಿಸಿದೆ. ಉಪ್ಪ ಒಳಗಿಂದ ಇಣುಕಿ ನೋಡಿ, ಎರಡು ಪ್ಲಾಸ್ಟಿಕ್ ಸ್ಟೂಲ್ ತಂದಿಟ್ಟರು. ಬೋರ್ಡಿನ ಸುದ್ದಿ ಎತ್ತಲಿಲ್ಲ. ಮನೆಗೆ ಬಂದವರನ್ನು ಯಾಕೆ ಬಂದಿರಿ ಎಂದು ಕೇಳುವುದು ಅವರಿಂದಾಗದ ಕೆಲಸ.

ನವೆಂಬರ್ ೨೩, ಭಾನುವಾರ

ಒಂಬತ್ತು ಮಂದಿ. ಒಬ್ಬರು ಯೋಗ ಮಾಡಿದರು. ಉಮ್ಮ ಬೈಯುತ್ತಾ ಬೈಯುತ್ತಾ ಎಲ್ಲರಿಗೂ ಕಟ್ಟಂಚಾಯ ಕೊಟ್ಟರು, ಹಾಲೂ ಸಕ್ಕರೆಯೂ ಇಲ್ಲದ್ದು. "ಪಾರ್ಕಿನಲ್ಲಿ ಚಾ ಎಲ್ಲಿ ಸಿಗ್ತದೆ ನಾಝಿಮಾ!" ಎಂದು ಚಿತ್ತರಂಜನ ಅಂಕಲ್ ಉಮ್ಮನ ಹತ್ತಿರ ಆಶ್ಚರ್ಯಪಟ್ಟರು. ಅವರು ಮರದ ಕಾಂಡಕ್ಕೆ ಬೆನ್ನು ಒತ್ತಿಕೊಂಡು ಕಣ್ಣು ಮುಚ್ಚಿ ಕೂರುತ್ತಾರೆ. ಅವರ ಹಳೆ ಮನೆಯ ಅಂಗಳದಲ್ಲೂ ಇಂಥ ಒಂದು ಮರ ಇತ್ತಂತೆ. ಈಗ ಅಲ್ಲಿ ಕಾರು ನಿಲ್ಲಿಸುತ್ತಾರೆ.

ನವೆಂಬರ್ ೨೭, ಗುರುವಾರ

ಇಂದು ನಾನು ಬದುಕಿನಲ್ಲಿ ಟೈಪ್ ಮಾಡಿದ ಅತ್ಯುತ್ತಮ ಅರ್ಜಿ.

ಚಿತ್ತರಂಜನ ಅಂಕಲ್ ಅಂಗಡಿಗೆ ಬಂದು, ಕಾವೂರು ಕೆರೆಯ ನಡಿಗೆ ಬಳಗದ ಪರವಾಗಿ ಒಂದು ಮನವಿ ಬೇಕು ಎಂದರು. ನಕ್ಷೆಯ ಕಚೇರಿಗೆ. "ಸದರಿ ಉದ್ಯಾನವನವು ಹಿರಿಯ ನಾಗರಿಕರಿಗೆ ಅತ್ಯಂತ ಉಪಯುಕ್ತವಾಗಿದ್ದು, ಇದನ್ನು ಶಾಶ್ವತವಾಗಿ ಉಳಿಸಿ, ಎರಡು ಬೆಂಚು ಒದಗಿಸಬೇಕಾಗಿ ಪ್ರಾರ್ಥನೆ." ಮೂವತ್ತೊಂದು ಸಹಿ. 'ಶಾಶ್ವತವಾಗಿ' ಎಂಬ ಪದ ನನ್ನದು. ಅವರು 'ಹೀಗೇ' ಎಂದಿದ್ದರು.

ಹೇಳಬಹುದಿತ್ತು, ಅಂಕಲ್ ಅದು ತಮಾಷೆಯ ಬೋರ್ಡ್ ಎಂದು. ಆದರೆ ಇಷ್ಟು ಸಮಯ ಕಳೆದ ಮೇಲೆ ಹೇಗೆ ಹೇಳುವುದು? ಮೇಲಾಗಿ ಬೆಂಚು ಬಂದರೆ ನಮಗೂ ಆಯಿತು.

ಡಿಸೆಂಬರ್ ೧, ಸೋಮವಾರ

ನಾನು ಕೆಲಸದಲ್ಲಿದ್ದಾಗ ಆವಾಸ್ ಯೋಜನೆಯ ಕಡೆಯಿಂದ ಒಬ್ಬರು ಮೊಬೈಲ್ ಹಿಡಿದು ಬಂದು, ಈಗಿರುವ ಮನೆಯ ಫೋಟೋ ತೆಗೆದುಕೊಂಡು ಹೋದರಂತೆ. ಜಾಗದ ಗುರುತೂ ಅದರಲ್ಲೇ ಬೀಳುತ್ತದಂತೆ. ಉಪ್ಪ ನಿಕಾಹಿನ ಬಿಳಿ ಅಂಗಿ ಹಾಕಿ ನಿಂತರೆಂದು ಉಮ್ಮ ಹೇಳಿದರು. "ನಗಿ ಅಂದ್ರೆ ನಗ್ಲೇ ಇಲ್ಲ."

ಡಿಸೆಂಬರ್ ೧೨, ಶುಕ್ರವಾರ

ಆವಾಸ್ ಅರ್ಜಿ ವಾಪಸ್ ಬಂದಿದೆ.

ಅಂಗಡಿಯ ಕಂಪ್ಯೂಟರಿನಲ್ಲಿ ನೋಡಿದೆ. ಷರಾ: 'ಸ್ಥಳದಲ್ಲಿ ಸಾರ್ವಜನಿಕ ಉದ್ಯಾನವನ ಇರುವುದು ಛಾಯಾಚಿತ್ರದಿಂದ ಕಂಡುಬರುತ್ತದೆ.' ಕೆಳಗೆ ಫೋಟೋ. ಹಂಚಿನ ಮನೆ, ಎದುರಿಗೆ ಕೈ ಕೆಳಗೆ ಬಿಟ್ಟು ನೆಟ್ಟಗೆ ನಿಂತ ಉಪ್ಪ, ಅವರ ಕಿವಿಯ ಪಕ್ಕದಲ್ಲೇ ನನ್ನ ಬೋರ್ಡ್. ನಾಲ್ಕು ಸಾಲೂ ಸ್ಪಷ್ಟ ಓದಬಹುದು.

ಸರ್ವೋತ್ತಮಣ್ಣ ಹಿಂದಿನಿಂದ ಬಗ್ಗಿ ನೋಡಿದರು. "ಎಂತ ಇದು? ನಮ್ಮ ಪ್ರಿಂಟ್ ಅಲ್ವಾ?"

ಹೌದು ಎಂದೆ.

ಮನೆಗೆ ಬಂದು ಬೋರ್ಡ್ ಬಿಚ್ಚಿ ಮಡಚಿ ಮಂಚದ ಕೆಳಗೆ ಇಟ್ಟೆ. ಉಪ್ಪನಿಗೆ ಹೇಳಿದೆ. ನಿಂತುಕೊಂಡೇ ಹೇಳಿದೆ. ಅವರು ಕನ್ನಡಕ ಹಾಕಿ ನನ್ನ ಫೋನಿನಲ್ಲಿ ಆ ಫೋಟೋ ನೋಡಿದರು. ಆಮೇಲೆ, "ಅಕ್ಷರ ಚಂದ ಬಂದಿತ್ತು," ಎಂದರು. "ಅಷ್ಟು ದೂರದಿಂದಲೂ ಓದ್ಲಿಕ್ಕೆ ಆಗ್ತದೆ."

ಬೈದಿದ್ದರೆ ನನಗೆ ಉತ್ತರ ಗೊತ್ತಿತ್ತು.

ಡಿಸೆಂಬರ್ ೧೩, ಶನಿವಾರ

ಬರೆಯಲು ಏನೂ ಇಲ್ಲ. ಬೋರ್ಡ್ ಇಲ್ಲದಿದ್ದರೂ ಬೆಳಿಗ್ಗೆ ಏಳು ಮಂದಿ ಬಂದು ಕೂತರು.

ಡಿಸೆಂಬರ್ ೨೧, ಭಾನುವಾರ

ಬಜಪೆಯಿಂದ ಅರ್ಶದ್ ಕಾಕನ (ಭಾವನನ್ನು ನಾವು ಕಾಕ ಎನ್ನುವುದು) ಉಮ್ಮ ಬಂದಿದ್ದರು. ಹೆಸರು ರಾಹಿಲಾ. ಮೆತ್ತಗೆ ಮಾತಾಡುವವರು, ಅದೇ ಹೆದರಿಕೆ. ಬಾಳೆಹಣ್ಣಿನ ಪೋಡಿ ತಿಂದು, ನಮ್ಮ ಗೋಡೆಯಲ್ಲಿ ಅಡುಗೆಮನೆಯಿಂದ ಜಗಲಿಯವರೆಗೆ ಬಂದಿರುವ ಬಿರುಕನ್ನು ನೋಡಿ, ನೋಡದ ಹಾಗೆ ಮಾಡಿ, "ಮನೆಯ ಕೆಲಸ ಶುರು ಆಗ್ಲಿಲ್ವಾ?" ಎಂದರು.

"ಆಗ್ತದೆ," ಎಂದರು ಉಮ್ಮ.

"ಅವಸರ ಇಲ್ಲ ನಾಝಿಮಾ. ಕೋಣೆ ಆಗ್ದಿದ್ರೆ ಮದುವೆ ಇನ್ನೊಂದು ವರ್ಷ ಮುಂದೆ ಹಾಕುವ. ಎಂತ ಆಗ್ಬೇಕು? ನಿಕಾಹ್ ಆಗಿದೆ ಅಲ್ವಾ."

ಮುಫೀದಾ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ನಾನೂ ಹೋದೆ. ಅವಳು ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತಿದ್ದಳು.

"ನನ್ನ ಬೋರ್ಡಿನಿಂದ ಆದದ್ದು," ಎಂದೆ.

"ಬೋರ್ಡ್ ಮೊದಲಾ, ಹಸಿರು ಮೊದಲಾ?" ಎಂದಳು.

"ಹಸಿರು."

"ಮತ್ತೆ? ಎಲ್ಲ ನಿನ್ನಿಂದಲೇ ಆಗ್ಬೇಕು ಅಂತ ಆಸೆ ನಿನಗೆ."

ಅವಳು ನನ್ನನ್ನು ಬೈಯದೆ ಇದ್ದದ್ದು ಇದು ಎರಡನೇ ಸಲ. ಮೊದಲನೆಯದು ನನಗೆ ಡೆಂಗಿ ಬಂದಾಗ.

ಡಿಸೆಂಬರ್ ೨೨, ಸೋಮವಾರ

ಕೇಂದ್ರ ಸರಕಾರಕ್ಕೆ ನೇರ ದೂರು ಕೊಡುವ ವೆಬ್‌ಸೈಟ್ ಉಂಟು. ಊಟದ ಬಿಡುವಿನಲ್ಲಿ ಕೂತು ಮೊದಲ ಕರಡು ಬರೆದೆ: 'ಮಾನ್ಯ ದೆಹಲಿಯವರೇ, ತಾವು ದೂರದ ಶ್ರೀಮಂತ ಚಿಕ್ಕಪ್ಪನಂತೆ ಮನೆಯನ್ನು ಕೊಡುತ್ತೀರಿ, ಅದನ್ನು ಎಲ್ಲಿ ಇಡಬೇಕೆಂದು ಮಾತ್ರ ಹೇಳುವುದಿಲ್ಲ. ಆಕಾಶದಲ್ಲಿ ಸೈಟ್ ಖಾಲಿ ಇದ್ದಲ್ಲಿ ದಯವಿಟ್ಟು ತಿಳಿಸಿ...' ಒಳ್ಳೆಯದಿತ್ತು. ಸರ್ವೋತ್ತಮಣ್ಣ ನಕ್ಕರು.

ಕೊನೆಗೆ ಕಳಿಸಿದ್ದು ಇದು:

'ನನ್ನ ತಂದೆ ಅಹ್ಮದ್ ಬಾವ ಅವರು ಕಾವೂರಿನ ತಮ್ಮ ಐದು ಸೆಂಟ್ಸ್ ಜಾಗದ ಮಣ್ಣಿನ ಗೋಡೆಯ ಮನೆಯಲ್ಲಿ ಹುಟ್ಟಿದವರು, ಅಲ್ಲೇ ಇರುವವರು. ನಕ್ಷೆಯಲ್ಲಿ ಆ ಜಾಗ ಉದ್ಯಾನವನ ಎಂದು ಉಂಟು. ಅಲ್ಲಿ ಯಾವತ್ತೂ ಉದ್ಯಾನವನ ಇರಲಿಲ್ಲ. ಫೋಟೋದಲ್ಲಿ ಕಾಣುವ ಬೋರ್ಡ್ ನಾನು ತಮಾಷೆಗೆ ಹಾಕಿದ್ದು, ತಂದೆಯ ತಪ್ಪಿಲ್ಲ. ದಯವಿಟ್ಟು ಒಬ್ಬರು ಬಂದು ನೋಡಬೇಕು.'

ಮೊದಲಿನದು ಅಕ್ಷರಗಳ ಮಿತಿಯಲ್ಲಿ ಹಿಡಿಯುತ್ತಿರಲಿಲ್ಲ. ಅಷ್ಟೇ ಕಾರಣ.

ಜನವರಿ ೬, ೨೦೨೬, ಮಂಗಳವಾರ

ದೆಹಲಿಯ ಉತ್ತರ: 'ವಿಷಯವು ಭೂಮಿ ಹಾಗೂ ವಲಯಕ್ಕೆ ಸಂಬಂಧಿಸಿದ್ದು ರಾಜ್ಯದ ವ್ಯಾಪ್ತಿಗೆ ಬರುತ್ತದೆ. ಮುಂದಿನ ಕ್ರಮಕ್ಕಾಗಿ ವರ್ಗಾಯಿಸಲಾಗಿದೆ.'

ಓದಿ ಹೇಳಿದಾಗ ಉಪ್ಪ, "ಅವರಾದ್ರೂ ಓದಿದ್ರಲ್ಲ," ಎಂದರು.

ಈ ನಡುವೆ ಅಂಗಡಿಗೆ ಇನ್ನೂ ಇಬ್ಬರು ಮನೆಯ ಅರ್ಜಿ ಹಿಡಿದುಕೊಂಡು ಬಂದಿದ್ದರು. ಮೀನು ಮಾರುವ ಸುಂದರಿಯಕ್ಕನ ಜಾಗದ ಮೇಲೆ ನಕ್ಷೆಯಲ್ಲಿ ರಸ್ತೆ ಹೋಗುತ್ತದೆ. ಆ ರಸ್ತೆ ಎಲ್ಲೂ ಇಲ್ಲ. ಅವರ ಅರ್ಜಿ ಬರೆದುಕೊಟ್ಟೆ, ನಕ್ಷೆಯ ಪ್ರಿಂಟ್ ಲಗತ್ತಿಸಿದೆ, ಮನೆಯ ನಾಲ್ಕೂ ಕಡೆಯ ಫೋಟೋ ತೆಗೆದುಕೊಟ್ಟೆ. ತಡವಾಯಿತೆಂದು ಸರ್ವೋತ್ತಮಣ್ಣ ಗೊಣಗಿದರು. ಒಂದು ಸಾಲನ್ನೂ ತಮಾಷೆ ಮಾಡಲಿಲ್ಲ. ಸುಂದರಿಯಕ್ಕನಿಗೆ ಬಸ್ಸಿಗೆ ಹೊತ್ತಾಗಿತ್ತು.

ಜನವರಿ ೨೦, ಮಂಗಳವಾರ

ಚೈತಾಲಿ ಮೇಡಂ ಫೋನ್ ಮಾಡಿ ಕರೆಸಿದರು.

"ಸಫಾ ಅಂದ್ರೆ ನೀವಾ? ನಿಮ್ಮ ಪತ್ರ ದೆಹಲಿಗೆ ಹೋಗಿ, ಬೆಂಗಳೂರಿಗೆ ಬಂದು, ಈಗ ನನ್ನ ಟೇಬಲ್ ಮೇಲೆ ಉಂಟು. ಕಾವೂರಿನಿಂದ ಇಲ್ಲಿಗೆ ಒಂದೇ ಬಸ್ಸು. ಇಲ್ಲೇ ಕೊಡ್ಬಹುದಿತ್ತಲ್ಲ?"

"ಇಲ್ಲೇ ಕೊಟ್ಟಿದ್ದೆವು ಮೇಡಂ. ನವೆಂಬರಿನಲ್ಲಿ."

ಅವರು ಫೈಲು ತಿರುವಿ ನೋಡಿದರು. "ಹೌದು. ಉಂಟು." ಸ್ವಲ್ಪ ನಾಚಿದರು ಎನಿಸಿತು. "ಈಗ ದೆಹಲಿಯ ನಂಬರ್ ಬಿದ್ದಿದೆ, ಉತ್ತರ ಕೊಡ್ಲೇಬೇಕು. ಅದು ನಿಮಗೆ ಒಳ್ಳೆದೇ. ಮತ್ತೆ, ಸಣ್ಣ ಮನೆಗಳಿಗೆ ಒಪ್ಪಿಗೆ ಸಲೀಸು ಮಾಡಿ ಅಂತ ಕೇಂದ್ರದವರು ರಾಜ್ಯಗಳಿಗೆ ಹೇಳ್ತಾ ಇದ್ದಾರೆ. ನಿಯಮ ಸುಧಾರಿಸಿದ ರಾಜ್ಯಕ್ಕೆ ಸಹಾಯವೂ ಹೆಚ್ಚು. ಹಾಗಾಗಿ ಮೇಲಿನವರಿಗೂ ಮನಸ್ಸುಂಟು. ಆದ್ರೆ ಅವರು ಹೇಳ್ಬಹುದು ಅಷ್ಟೇ, ಇಲ್ಲಿಯ ಬಣ್ಣ ಬದಲಿಸ್ಲಿಕ್ಕೆ ಅವರಿಂದ ಆಗುದಿಲ್ಲ. ಅದು ನಮ್ಮಲ್ಲೇ ಆಗ್ಬೇಕು. ಅಲ್ಲೊಂದು ತೊಂದರೆ."

ಅವರು ಫೈಲಿನಿಂದ ಒಂದು ಹಾಳೆ ಹೊರತೆಗೆದರು. ನೋಡಿದ ಕೂಡಲೇ ಗೊತ್ತಾಯಿತು; ಆ ಅಂಚು, ಆ ಅಕ್ಷರ, ನಾನೇ ಇಟ್ಟದ್ದು.

"ಮೂವತ್ತೊಂದು ಜನ ಪಾರ್ಕ್ ಶಾಶ್ವತವಾಗಿ ಬೇಕು ಅಂತ ಬರೆದು ಕೊಟ್ಟಿದ್ದಾರೆ. ಇದು ಫೈಲಿನಲ್ಲಿ ಇರುವಾಗ ಇಲ್ಲಿ ಪಾರ್ಕ್ ಇಲ್ಲ ಅಂತ ನಾನು ಹೇಗೆ ಬರೆಯುದು? ಯಾರು ಬರೆದುಕೊಟ್ರೋ, ಭಾರಿ ಚಂದ ಬರೆದಿದ್ದಾರೆ."

"ನಾನು," ಎಂದೆ.

ಮೇಡಂ ಹಾಳೆಯನ್ನು ಫೈಲಿಗೆ ಸೇರಿಸಿ ಕ್ಯಾಲೆಂಡರ್ ನೋಡಿದರು. "ಇಪ್ಪತ್ತೊಂಬತ್ತಕ್ಕೆ ನಾನು ಸ್ಥಳಕ್ಕೆ ಬರ್ತೇನೆ," ಎಂದರು. "ಅಷ್ಟರೊಳಗೆ ಎಂತ ಮಾಡ್ತೀರೋ ಮಾಡಿ."

ಜನವರಿ ೨೧, ಬುಧವಾರ

ಬೆಳಿಗ್ಗೆ ಅವರೆಲ್ಲ ಬಂದು ಕೂತ ಮೇಲೆ ಹೇಳಬೇಕೆಂದಿದ್ದೆ. ಎಲ್ಲರ ಎದುರು ಆಗಲಿಲ್ಲ. ಸಂಜೆ ಲಿಫ್ಟ್ ಹತ್ತಿ ಐದನೇ ಮಾಳಿಗೆಗೆ ಹೋದೆ. ಚಿತ್ತರಂಜನ ಅಂಕಲ್ ಬಾಲ್ಕನಿಯಲ್ಲಿದ್ದರು. ಅಲ್ಲಿಂದ ಕೆಳಗೆ ನೋಡಿದೆ. ನಮ್ಮ ಮನೆ ಕಾಣುವುದೇ ಇಲ್ಲ. ಮರ ಮಾತ್ರ.

ಎಲ್ಲ ಹೇಳಿದೆ. ಬೋರ್ಡ್, ಫೋಟೋ, 'ಶಾಶ್ವತವಾಗಿ', ಮುಫೀದಾಳ ಕೋಣೆ.

"ಅಂದ್ರೆ ನಾವು ಎರಡು ತಿಂಗಳಿಂದ ನಿಮ್ಮ ಅಂಗಳದಲ್ಲಿ ಕೂತು ನಿಮ್ಮ ಚಾ ಕುಡಿದದ್ದಾ?"

"ಹೌದು ಅಂಕಲ್."

"ನಿನ್ನ ಅಪ್ಪ, ಬಾವಾಕ, ಒಂದು ಮಾತು ಹೇಳ್ಬಹುದಿತ್ತಲ್ಲ!"

"ಬಂದವರಿಗೆ ಹೇಗೆ ಹೇಳುದು ಅಂತ..."

ಅವರು ಕಿವಿಯವರೆಗೆ ಕೆಂಪಾದರು. ಸಿಟ್ಟೋ ನಾಚಿಕೆಯೋ ಗೊತ್ತಾಗಲಿಲ್ಲ. "ನಾನು ಡಾಕ್ಟರ್ ಹತ್ರ ಕೂಡ ಹೇಳಿದ್ದೆ," ಎಂದರು. "ನಮ್ಮಲ್ಲೊಂದು ಪಾರ್ಕ್ ಆಗಿದೆ, ಅಲ್ಲಿ ಕೂತ್ರೆ ಬಿ.ಪಿ. ಇಳೀತದೆ ಅಂತ." ಆಮೇಲೆ ಒಳಗೆ ಹೋದರು. ಸ್ವಲ್ಪ ಹೊತ್ತು ನಿಂತು ಮೆಟ್ಟಿಲು ಇಳಿದು ಬಂದೆ.

ಜನವರಿ ೨೨, ಗುರುವಾರ

ಯಾರೂ ಬರಲಿಲ್ಲ. ಉಪ್ಪ ಇಟ್ಟ ಸ್ಟೂಲುಗಳು ಹಾಗೇ ಇದ್ದವು. ಉಮ್ಮ ಚಾ ಕುದಿಸಿ, ಪಾತ್ರೆ ನೋಡಿ, "ಇಷ್ಟು ಯಾರು ಕುಡೀತಾರೆ?" ಎಂದು ನನ್ನನ್ನೇ ಕೇಳಿದರು.

ಜನವರಿ ೨೯, ಗುರುವಾರ

ಚೈತಾಲಿ ಮೇಡಂ ಹತ್ತು ಗಂಟೆಗೆ ಬಂದರು, ಕೈಯಲ್ಲಿ ಟೇಪು, ಫೈಲು. ಉಪ್ಪ ಪುನಃ ಬಿಳಿ ಅಂಗಿ. ಮೇಡಂ ಮನೆಯ ಸುತ್ತ ನಡೆದು ಅಳೆದರು, ಬಿರುಕಿನ ಮೇಲೆ ಕೈಯಿಟ್ಟರು, ಮರವನ್ನು ತಲೆಯೆತ್ತಿ ನೋಡಿದರು.

ಆಗ ಗೇಟು ಶಬ್ದವಾಯಿತು. ಚಿತ್ತರಂಜನ ಅಂಕಲ್. ಹಿಂದೆ ಒಬ್ಬೊಬ್ಬರಾಗಿ ವಾಕಿಂಗಿನವರು, ವಾಕಿಂಗ್ ಶೂ ಇಲ್ಲದೆ, ಮದುವೆಗೆ ಹೊರಟ ಹಾಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ಯಾರೂ ಒಳಗೆ ಬರಲಿಲ್ಲ. ಗೇಟಿನ ಹೊರಗೇ ನಿಂತರು.

"ಬಾವಾಕ," ಎಂದರು ಅಂಕಲ್, "ಒಳಗೆ ಬರ್ಬಹುದಾ?"

ಮೊದಲ ಸಲ ಕೇಳಿದ್ದು. ಉಪ್ಪನಿಗೆ ಅದು ಅರ್ಥವೇ ಆಗಲಿಲ್ಲ. "ಎಂತ ಕೇಳುದು ನೀವು? ಬನ್ನಿ, ಬನ್ನಿ," ಎಂದು ಸ್ಟೂಲು ಎಳೆಯತೊಡಗಿದರು.

ಅಂಕಲ್ ಜೇಬಿನಿಂದ ಕೈಬರಹದ ಕಾಗದ ತೆಗೆದು ಮೇಡಂಗೆ ಕೊಟ್ಟರು. ಇಪ್ಪತ್ತೆಂಟು ಸಹಿ, ಮೂವರು ಊರಲ್ಲಿಲ್ಲ. "ನಾವು ಕೇಳಿದ್ದು ಕೂತ್ಕೊಳ್ಳಿಕ್ಕೆ ಜಾಗ ಮೇಡಂ. ಇವರನ್ನು ಏಳಿಸ್ಲಿಕ್ಕೆ ಅಲ್ಲ. ಇಲ್ಲಿ ಪಾರ್ಕ್ ಇರ್ಲಿಲ್ಲ. ಇದ್ದದ್ದು ಇವರ ಮನೆ. ನಾನು ಎದುರು ಜಾಗದಲ್ಲೇ ಹುಟ್ಟಿದವ, ನನಗೇ ಮರೆತು ಹೋಗಿತ್ತು." ನನ್ನ ಕಡೆ ತಿರುಗಿ, "ಈ ಅರ್ಜಿ ನಾನೇ ಬರೆದದ್ದು. ನಿನ್ನ ಹತ್ರ ಕೊಟ್ರೆ ಎಂತೆಂತ ಸೇರಿಸ್ತಿಯೋ," ಎಂದರು.

ಎಲ್ಲರೂ ನಕ್ಕರು, ಮೇಡಂ ಕೂಡ. ನಾನು ಚಾ ತರುವ ನೆವದಲ್ಲಿ ಒಳಗೆ ಹೋಗಿ ಸ್ವಲ್ಪ ಹೊತ್ತು ಅಡುಗೆಮನೆಯಲ್ಲೇ ಇದ್ದೆ. ಹೊಗೆ ಇತ್ತು.

ಫೆಬ್ರವರಿ ೧೬, ಸೋಮವಾರ

ಒಪ್ಪಿಗೆ ಬಂತು. ಆವಾಸ್ ಅರ್ಜಿಯೂ ಹೊಸ ಫೋಟೋದೊಡನೆ ಮಂಜೂರಾಗಿದೆ. ಈ ಸಲದ ಫೋಟೋದಲ್ಲಿ ಉಪ್ಪನ ಹಿಂದೆ ಬರೀ ಗೋಡೆ.

ಆದರೆ ಇಷ್ಟೇ. ಬಣ್ಣ ಬದಲಾಗುವುದಕ್ಕೆ ಪ್ರಸ್ತಾವ ಬೆಂಗಳೂರಿಗೆ ಹೋಗಿದೆ, ವರ್ಷ ಹಿಡಿಯಬಹುದು, ಎರಡೂ ಆಗಬಹುದು. ಅಲ್ಲಿಯವರೆಗೆ ಇರುವ ಮನೆಯನ್ನು ಇರುವ ಅಡಿಪಾಯದ ಅಳತೆಯಲ್ಲೇ ಹೊಸದಾಗಿ ಕಟ್ಟಬಹುದು, ಒಂದಡಿಯೂ ಹೆಚ್ಚಿಸುವಂತಿಲ್ಲ, ಮರ ಕಡಿಯುವಂತಿಲ್ಲ.

ಅಂದರೆ ಎರಡೇ ಕೋಣೆ.

ಉಮ್ಮ ಕಾಗದವನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದರು. "ಹಾಗಾದ್ರೆ ಮುಂದಿನ ವರ್ಷ ಅಂತ ರಾಹಿಲಾಳಿಗೆ ಹೇಳುವ," ಎಂದರು. "ಎರಡು ಹೆಣ್ಣುಮಕ್ಕಳಿರುವ ಮನೆ. ಒಬ್ಬಳಿಗೆ ಕೋಣೆ ಮಾಡಿ ಇನ್ನೊಬ್ಬಳನ್ನು ಹೊರಗೆ ಹಾಕ್ಲಿಕ್ಕೆ ಆಗ್ತದಾ?"

ಉಪ್ಪ, "ನಾವಿಬ್ಬರು ಜಗಲಿಯಲ್ಲಿ ಮಲಗುವ," ಎಂದರು. ಅವರಿಗೆ ಬೆನ್ನುನೋವು. ಮುಫೀದಾ ಒಣಗಿದ ಬಟ್ಟೆ ತರಲು ಹೊರಗೆ ಹೋದಳು. ಬೆಳಿಗ್ಗೆಯಿಂದ ಅವಳು ಫೋನ್ ಎತ್ತುತ್ತಿಲ್ಲ, ಅರ್ಶದ್ ಕಾಕ ನನಗೆ ಮಾಡಿದರು. "ನನಗೆ ಕೋಣೆ ಬೇಡ ಅಂತ ಹೇಳು ಸಫಾ, ನೈಟ್ ಶಿಫ್ಟ್ ಹಾಕಿಸ್ಕೊಳ್ತೇನೆ." ಒಳ್ಳೆಯ ಜನ. ಅವರ ಮೇಲೆ ಮಾಡಬೇಕೆಂದಿದ್ದ ಎರಡು ತಮಾಷೆಗಳನ್ನು ತಡೆಹಿಡಿದಿದ್ದೇನೆ.

ಫೆಬ್ರವರಿ ೧೭, ಮಂಗಳವಾರ

ಬೆಳಿಗ್ಗೆ ಅಂಗಡಿಯಲ್ಲಿ ಒಂದು ಹಾಳೆ ಪ್ರಿಂಟ್ ತೆ‌ಗೆದು ನಮ್ಮ ಕೋಣೆಯ ಬಾಗಿಲಿಗೆ ಅಂಟಿಸಿದೆ. ದಾಖಲೆಗಾಗಿ ಇಲ್ಲಿ ನಕಲು:

ಪ್ರಕಟಣೆ
ವಿಷಯ: ವಲಯ ಬದಲಾವಣೆ
ಈ ಕೋಣೆಯ ಕಿಟಕಿ ಭಾಗವನ್ನು ಎಂಟನೇ ತರಗತಿಯಿಂದ ಅನುಭವಿಸಿಕೊಂಡು ಬಂದಿರುವ ಕುಮಾರಿ ಸಫಾ ಅವರು ಸ್ವಂತ ಇಚ್ಛೆಯಿಂದ ಸದರಿ ಭಾಗವನ್ನು ಕುಮಾರಿ ಮುಫೀದಾ ಮತ್ತು ಪತಿಯವರಿಗೆ ಬಿಟ್ಟುಕೊಟ್ಟಿರುತ್ತಾರೆ. ಮದುವೆಯನ್ನು ಮುಂದೂಡುವ ಅಗತ್ಯವಿರುವುದಿಲ್ಲ. ಸಫಾ ಅವರು ಜಗಲಿಗೆ ಸ್ಥಳಾಂತರಗೊಳ್ಳತಕ್ಕದ್ದು. ಆಕ್ಷೇಪಣೆಗಳನ್ನು ಸ್ವೀಕರಿಸಲಾಗುವುದಿಲ್ಲ.

ನಿಕಾಹ್ ಆದವಳು ಕುಮಾರಿ ಅಲ್ಲ ಎಂದು ಆಮೇಲೆ ನೆನಪಾಯಿತು. ಇರಲಿ.

ಸಂಜೆ ಬಂದು ನೋಡಿದರೆ ನೆಲದ ಟೇಪು ಇಲ್ಲ. ಎಂಟು ವರ್ಷದ ಅಂಟು, ಚಾಕುವಿನಲ್ಲಿ ಕೆರೆದು ತೆಗೆದಿದ್ದಾಳೆ. ಮುಫೀದಾ ಮಂಚದ ಮೇಲೆ ಕೂತಿದ್ದಳು.

"ಜಗಲಿಯಲ್ಲಿ ಸೊಳ್ಳೆ," ಎಂದಳು.

"ಸೊಳ್ಳೆಗಳಿಗೆ ನೋಟಿಸ್ ಕೊಡ್ತೇನೆ."

"ಕಿಟಕಿ?"

"ಜಗಲಿಯಲ್ಲಿ ಗೋಡೆಯೇ ಇಲ್ಲ. ಎಲ್ಲ ಕಿಟಕಿಯೇ."

ಅವಳು ನಗಬೇಕಿತ್ತು. ನನ್ನ ಜಡೆ ಹಿಡಿದು ಎಳೆದು ತನ್ನ ಪಕ್ಕ ಕೂರಿಸಿಕೊಂಡಳು, ಅಷ್ಟೇ. ಇಬ್ಬರೂ ಕಿಟಕಿಯ ಕಡೆಯೇ ಕೂತೆವು. ಒಂದು ವಿಮಾನ ಇಳಿಯಿತು. ಹಾಗೇನೂ ದೊಡ್ಡ ದೃಶ್ಯ ಅಲ್ಲ ಅದು, ಈಗ ಯೋಚಿಸಿದರೆ.

ಏಪ್ರಿಲ್ ೧೧, ಶನಿವಾರ

ಡೈರಿ ಇವತ್ತು ಸಾಮಾನಿನ ರಾಶಿಯಲ್ಲಿ ಸಿಕ್ಕಿತು.

ಹಳೆ ಮನೆಯನ್ನು ರಂಜಾನಿನ ಪೆರ್ನಾಲ್ ಹಬ್ಬ ಕಳೆದ ಮರುವಾರ ಕೆಡವಿದ್ದು. ಹೊಸ ಗೋಡೆ ಕಿಟಕಿಯ ಎತ್ತರಕ್ಕೆ ಬಂದಿದೆ. ಅಡಿಪಾಯಕ್ಕೊಂದು, ಗೋಡೆಗೊಂದು, ಮಾಡಿಗೊಂದು ಎಂದು ಪ್ರತಿ ಹಂತದಲ್ಲಿ ದೆಹಲಿಗೆ ಫೋಟೋ ಹೋಗಬೇಕು; ಪ್ರತಿ ಫೋಟೋದಲ್ಲೂ ಉಪ್ಪ ಅದೇ ಬಿಳಿ ಅಂಗಿಯಲ್ಲಿ, ನಗದೆ. ಸುಂದರಿಯಕ್ಕನ ಇಲ್ಲದ ರಸ್ತೆಯ ಫೈಲು ಚೈತಾಲಿ ಮೇಡಂ ಟೇಬಲಿಗೆ ಬಂದಿದೆಯಂತೆ. ನಿನ್ನೆ ಹೋಗಿ ಕೇಳಿಕೊಂಡು ಬಂದೆ. ಸೋಮವಾರ ಪುನಃ ಹೋಗಬೇಕು.

ನಾವಿರುವುದು ಮರದ ಕೆಳಗೆ, ಕಂಬ ನೆಟ್ಟು ಮಾಡಿದ ಶೆಡ್ಡಿನಲ್ಲಿ. ಮೇಲಿನ ಹೊದಿಕೆ ಸರ್ವೋತ್ತಮಣ್ಣ ಕೊಟ್ಟ ಹಳೆ ಫ್ಲೆಕ್ಸುಗಳು: ಯಾರದೋ ಹುಟ್ಟುಹಬ್ಬ, ಒಂದು ಕಬಡ್ಡಿ ಪಂದ್ಯ. ಪಶ್ಚಿಮದ ಬಿಸಿಲಿಗೆ ಒಂದು ತುಂಡು ಕಡಿಮೆ ಬಿತ್ತು. ಮಂಚದ ಕೆಳಗೆ ಮಡಚಿಟ್ಟದ್ದನ್ನು ಉಮ್ಮ ಎಳೆದು ತಂದು ಕಟ್ಟಿದರು, ಅಕ್ಷರ ಒಳಬದಿಗೆ ಬರುವಂತೆ. ಈ ಸಲ ಓರೆಯಾಗಲಿಲ್ಲ.

ಬೆಳಿಗ್ಗೆ ಏಳು ಮಂದಿ ಬರುತ್ತಾರೆ. ಚಿತ್ತರಂಜನ ಅಂಕಲ್ ತಮ್ಮ ಹೋಟೆಲಿನಿಂದ ಒಂದು ಉದ್ದದ ಬೆಂಚು ಹೊರಿಸಿಕೊಂಡು ಬಂದು ಇಟ್ಟಿದ್ದಾರೆ. ಚಾದ ಫ್ಲಾಸ್ಕೂ ಅವರದೇ. ಪ್ರತಿ ದಿನ ಗೇಟಿನ ಹತ್ತಿರ ನಿಂತು ಕೇಳಿಯೇ ಒಳಗೆ ಬರುತ್ತಾರೆ, ಉಪ್ಪ ಪ್ರತಿ ದಿನ ಬೈಯುತ್ತಾರೆ.

ಈಗ ಮಧ್ಯಾಹ್ನ ಎರಡೂವರೆ. ಮೇಸ್ತ್ರಿಗಳು ಊಟಕ್ಕೆ ಹೋಗಿದ್ದಾರೆ. ಬೆಂಚಿನ ಮೇಲೆ ಉಪ್ಪ ಮುಖದ ಮೇಲೆ ಟವೆಲ್ ಹಾಕಿ ಮಲಗಿದ್ದಾರೆ, ಅವರ ತಲೆಯ ಹಿಂದೆ ನನ್ನ ಬೋರ್ಡಿನ ಕೊನೆಯ ಸಾಲು: ಮರದಡಿ ಮಲಗಿದವರನ್ನು ಎಬ್ಬಿಸಬಾರದು. ಉಪ್ಪನ ಅಂಗಡಿಗೆ ಗಿರಾಕಿ ಬಂದು ಕಾಯುತ್ತಿದ್ದಾರೆಂದು ಯಾರೋ ಗೇಟಿನಿಂದ ಕೂಗಿದರು.

ನಾನು ಎದ್ದು ಹೋಗಿ ಬಕೆಟ್ ಕೊಟ್ಟು ಬಂದೆ.